ಇಳಿಯದ ಅಕ್ಕಿ ಡಬ್ಬ

ಗಂಡ ಮನೆ ಬಿಟ್ಟು ಹೋದ, ಅತ್ತೆ ಉಳಿದರು. ಇದನ್ನು ಕೇಳಿದವರೆಲ್ಲ ಒಮ್ಮೆ ಹುಬ್ಬು ಗಂಟಿಕ್ಕುತ್ತಿದ್ದರು. ಮಗ ಹೊರಟ ಮೇಲೆ ತಾಯಿ ಮಗನ ಹಿಂದೆ ಹೋಗಬೇಕು, ಇಲ್ಲವೆ ಸೊಸೆಯಾದರೂ ತವರಿನ ದಾರಿ ಹಿಡಿಯಬೇಕು. ಇಲ್ಲಿ ಎರಡೂ ಆಗಲಿಲ್ಲ. ಊರಿನ ಇನ್ನೊಂದು ತುದಿಯಲ್ಲಿ ಬೇರೆ ಸಂಸಾರ ಹೂಡಿದ ಮಗ, ತಾಯಿಯ ಪೆಟ್ಟಿಗೆಯನ್ನು ಒಯ್ಯಲು ಬಂದ ದಿನ ಮುದುಕಿ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟರು.

"ಪೆಟ್ಟಿಗೆ ಸಮೇತ ನನ್ನನ್ನ ಎತ್ತೋ ತಾಕತ್ತಿದ್ರೆ ಎತ್ತು" ಎಂದರು.

ಅವನಿಗೆ ಆ ತಾಕತ್ತು ಇರಲಿಲ್ಲ. ತನ್ನ ಪೆಟ್ಟಿಗೆಯನ್ನಷ್ಟೇ ಹೊತ್ತುಕೊಂಡು ಹೋದ. ಮಕ್ಕಳ ಖರ್ಚಿಗೆ ತಿಂಗಳು ತಿಂಗಳೂ ಕಳಿಸುತ್ತೇನೆ ಎಂದು ನಾಲ್ಕು ಜನರ ಮುಂದೆ ಒಪ್ಪಿಕೊಂಡಿದ್ದ. ಮೊದಲು ಕಳಿಸಿದ, ಆಮೇಲೆ ಅರ್ಧ ಕಳಿಸಿದ, ಆಮೇಲೆ ಒಪ್ಪಿಕೊಂಡದ್ದನ್ನೇ ಮರೆತ.

ಸೊಸೆಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ವಾರ್ಡುಗಳಿಂದ ಗಂಟು ಕಟ್ಟಿ ಬರುವ ಬಟ್ಟೆಯನ್ನು ಕಲೆ ನೋಡಿ ಬೇರ್ಪಡಿಸಬೇಕು. ರಕ್ತದ್ದು ತಣ್ಣೀರಿಗೆ, ಮುಲಾಮಿನದು ಬಿಸಿನೀರಿಗೆ, ಔಷಧದ ಹಳದಿ ಬೇರೆ ತೊಟ್ಟಿಗೆ. ಮನೆಗೆ ಬಂದ ಮೇಲೂ ಬಟ್ಟೆಯೇ. ಬೀದಿ ಕೊನೆಯ ವಸತಿಗೃಹದವರು ಒಗೆದ ಚಾದರಗಳನ್ನು ತಂದು ಹಾಕುತ್ತಿದ್ದರು; ಅವಳು ಇಸ್ತ್ರಿ ಮಾಡಿ, ಮಡಿಸಿ ಕೊಡುತ್ತಿದ್ದಳು. ದೊಡ್ಡ ಚಾದರ ಮಡಿಸುವುದು ಇಬ್ಬರ ಕೆಲಸ. ಹಿಂದೆ ಇನ್ನೊಂದು ತುದಿಯನ್ನು ಗಂಡ ಹಿಡಿಯುತ್ತಿದ್ದ. ಅತ್ತೆಯ ತೋಳು ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲವಾದ್ದರಿಂದ, ಅವನು ಹೋದ ವಾರವೇ ಸೊಸೆ ಗೋಡೆಗೆ ಒಂದು ಕೊಕ್ಕೆ ಬಡಿದಳು. ಒಂದು ಅಂಚನ್ನು ಅದಕ್ಕೆ ಸಿಕ್ಕಿಸಿ, ಇನ್ನೊಂದನ್ನು ಹಿಡಿದು ಹಿಂದಕ್ಕೆ ನಡೆದು, ಎಳೆದು, ಮಡಿಸುತ್ತ ಮುಂದೆ ಬರುವಳು.

"ಕೊಕ್ಕೆ ವಾಸಿ" ಎಂದಿದ್ದರು ಅತ್ತೆ. "ಬೀಡಿ ಸೇದೋಲ್ಲ, ಎದುರು ಮಾತಾಡೋಲ್ಲ, ಹಿಡಿದಿದ್ದನ್ನ ಬಿಡೋಲ್ಲ. ಇದನ್ನೇ ಹೆರಬೇಕಿತ್ತು ನಾನು."

ಮನೆಯಲ್ಲಿ ಇನ್ನಿಬ್ಬರು ಹುಡುಗಿಯರು. ಕಾಲೇಜಿಗೆ ಹೋಗುವ ದೊಡ್ಡವಳು. ಶಾಲೆಗೆ ಆಗಷ್ಟೇ ಸೇರಿದ ಚಿಕ್ಕವಳು. ಚಿಕ್ಕವಳ ಮೈಯಲ್ಲಿ ಕಿವಿ ಬಿಟ್ಟರೆ ಬೇರೇನೂ ಅಗಲವಾಗಿರಲಿಲ್ಲ. ಎಲ್ಲರೂ ಅವಳನ್ನು ಕಡ್ಡಿ ಎನ್ನುತ್ತಿದ್ದರು.

ಆ ವರ್ಷ ಲಾಂಡ್ರಿಯಲ್ಲಿ ಒಂದು ಕಾಯಂ ಜಾಗ ಖಾಲಿಯಾಯಿತು. ದಿನಗೂಲಿಯವರಲ್ಲಿ ಯಾರು ಮೂರು ತಿಂಗಳು, ವಾರದ ರಜೆ ಬಿಟ್ಟರೆ ಬೇರೆ ರಜೆಯಿಲ್ಲದೆ, ಬೆಳಗಿನ ಪಾಳಿ ಮಾಡುತ್ತಾರೋ ಅವರಿಗೆ ಅದು ಎಂದು ಮೇಲ್ವಿಚಾರಕ ತಿಳಿಸಿದ. ಈತನಿಗೆ ಹೆಂಗಸರು ಇಟ್ಟ ಹೆಸರು ಗಡಿಯಾರ. ಬೆಳಗಿನ ಪಾಳಿ ಎಂದರೆ ಬೆಳಕು ಹರಿಯುವ ಮುನ್ನ ಮನೆ ಬಿಡಬೇಕು. ಕಡ್ಡಿಯನ್ನು ಎಬ್ಬಿಸಿ, ತಿನ್ನಿಸಿ, ಶಾಲೆಗೆ ಮುಟ್ಟಿಸಿ, ಮತ್ತೆ ಮಧ್ಯಾಹ್ನ ಕರೆತರುವುದು ಅತ್ತೆಯ ಪಾಲಿಗೆ ಬಿತ್ತು.

"ನಿಮ್ಮ ಕೈಲಿ ಆಗುತ್ತಾ ಅತ್ತೆ?"

"ನಿನ್ನ ಗಂಡನನ್ನ ಸಾಕಿದ ಕೈ ಇದು. ಇದಕ್ಕಿಂತ ಕಷ್ಟದ ಕೆಲಸ ಯಾವುದಿದೆ? ನೀನು ಹೋಗು."

ಸೊಸೆ ಹೋದಳು. ಕಾಯಂ ಆದರೆ ಕಾಯಿಲೆ ಬಿದ್ದ ದಿನವೂ ಸಂಬಳ ಬರುತ್ತದೆ. ದೊಡ್ಡವಳ ಓದು ಅರ್ಧಕ್ಕೆ ನಿಲ್ಲುವುದಿಲ್ಲ. ಇದೊಂದೇ ಅವಳ ತಲೆಯಲ್ಲಿದ್ದ ಸಂಗತಿ.

ಎರಡನೆಯ ತಿಂಗಳಲ್ಲಿ ಅಕ್ಕಿ ಡಬ್ಬ ವಿಚಿತ್ರವಾಗಿ ವರ್ತಿಸತೊಡಗಿತು.

ಅವಳು ಅಕ್ಕಿಯನ್ನು ಲೋಟದಲ್ಲಿ ಅಳೆದೇ ಬೇಯಿಸುವವಳು. ಸಂಬಳದ ಹಿಂದಿನ ವಾರ ಡಬ್ಬದ ತಳ ಕಾಣಬೇಕು. ಲೋಟ ತಗಡಿಗೆ ತಾಗಿ ಸದ್ದು ಮಾಡಬೇಕು. ಆ ಸದ್ದು ಕೇಳಿಸಲಿಲ್ಲ. ಎಣ್ಣೆಯ ಸೀಸೆಯೂ ಹಾಗೆಯೇ. ಸೋಪು ಕರಗಿ ಚೂರಾಗಬೇಕಾದ ಹೊತ್ತಿಗೆ ಹೊಸದೊಂದು ಅಲ್ಲಿ ಇತ್ತು. ಕಳೆಯುವ ಲೆಕ್ಕದ ಕೊನೆಯಲ್ಲಿ ಉತ್ತರ ದೊಡ್ಡದಾಗಿ ಬಂದರೆ ಸಂತೋಷಕ್ಕಿಂತ ಮೊದಲು ಗಾಬರಿಯಾಗುತ್ತದೆ. ಅವಳಿಗೂ ಹಾಗಾಯಿತು.

"ಅತ್ತೆ, ಅಕ್ಕಿ ತಂದ್ರಾ?"

"ನಾನೆಲ್ಲಿಂದ ತರಲಿ? ನೀನು ಕಡಿಮೆ ಹಾಕ್ತಿದೀಯ. ಅನ್ನ ಸಾಲದೇ ಕಡ್ಡಿ ಇನ್ನೂ ಕಡ್ಡಿ ಆಗಿದಾಳೆ ನೋಡು."

"ಅದೇ ಲೋಟ ಅತ್ತೆ."

"ಲೋಟ ಅದೇ. ಕೈ ಜಿಪುಣ ಆಗಿದೆ."

ಸೊಸೆ ಲೋಟವನ್ನು ತಿರುಗಿಸಿ ನೋಡಿದಳು. ಅದರ ತಳ ನಗ್ಗಿರಲಿಲ್ಲ.

ಅನುಮಾನ ದೊಡ್ಡವಳ ಕಡೆಗೆ ಹೊರಳಿತು. ಸಂಜೆ ತಡವಾಗಿ ಬರುತ್ತಾಳೆ. ಹೊಸ ಕ್ಲಿಪ್ಪು ಹಾಕಿದ್ದಾಳೆ. ಆಲೂಗಡ್ಡೆ ಹೆಚ್ಚುತ್ತ ಸೊಸೆ ಸುತ್ತಿ ಬಳಸಿ ಕೇಳಿದಳು.

"ಕಾಲೇಜು ಬಿಟ್ಟ ಮೇಲೆ ಎಲ್ಲಿಗೆ ಹೋಗ್ತೀಯ?"

"ಲೈಬ್ರರಿಗೆ."

"ಲೈಬ್ರರೀಲಿ ಕ್ಲಿಪ್ಪು ಕೊಡ್ತಾರಾ?"

ಹುಡುಗಿ ತಲೆಯಿಂದ ಕ್ಲಿಪ್ಪನ್ನು ಕಿತ್ತು ಹಲಗೆಯ ಮೇಲೆ ಇಟ್ಟಳು. "ಸ್ನೇಹಿತೆ ಕೊಟ್ಟಿದ್ದು. ಇದನ್ನೂ ಹೆಚ್ಚು, ಪಲ್ಯಕ್ಕೆ ಹಾಕು. ಮನೆಗೆ ಏನಾದ್ರೂ ಬಂದ್ರೆ ನನ್ನ ಮೇಲೆ ಅನುಮಾನ, ಬರದಿದ್ರೆ ನನ್ನ ಫೀಸಿನ ಮೇಲೆ ಮಾತು. ನಾನು ಯಾವ ಕಡೆ ನಿಲ್ಲಲಿ ಹೇಳು."

ತಾಯಿ ಕ್ಲಿಪ್ಪನ್ನು ಒರೆಸಿ ಕಿಟಕಿಯ ಮೇಲೆ ಇಟ್ಟಳು. ಹುಡುಗಿ ಅದನ್ನು ಎರಡು ದಿನ ಮುಟ್ಟಲಿಲ್ಲ.

ಆ ಭಾನುವಾರ ಮನೆಯ ಬಟ್ಟೆ ಒಗೆಯುವಾಗ ಅತ್ತೆಯ ಕಂದು ಸ್ವೆಟರು ಕೈಗೆ ಬಂತು. ಎಡ ಹೆಗಲ ಮೇಲೆ ಬಿಳಿಚಾದ, ಗರಿಗರಿಯಾದ ಕಲೆ. ಇಷ್ಟು ವರ್ಷ ಕಲೆಗಳ ನಡುವೆ ಬದುಕಿದವಳಿಗೆ ಅದನ್ನು ಎರಡು ಸಲ ನೋಡುವ ಅಗತ್ಯವಿರಲಿಲ್ಲ. ಮೂಗಿನ ಹತ್ತಿರ ಹಿಡಿದಳು. ಹೆರಿಗೆ ವಾರ್ಡಿನ ಗಂಟಿನ ವಾಸನೆ. ಎಳೆಗೂಸು ಕಕ್ಕಿದ ಹಾಲು.

ಮಾರನೆಯ ದಿನ ಲಾಂಡ್ರಿಯಲ್ಲಿ ಜೊತೆಯವಳಿಗೆ ಹೇಳಿದಳು. ಆಕೆ ಸೋಪಿನ ಪುಡಿ ಅಳೆಯುವವಳು, ಎಲ್ಲರಿಗೂ ಸೋಪಮ್ಮ.

"ನಮ್ಮತ್ತೆ ಎಲ್ಲೋ ಕೂಸು ನೋಡ್ಕೊಳ್ಳೋ ಕೆಲಸಕ್ಕೆ ಹೋಗ್ತಿದಾರೆ ಕಣೆ. ನಂಗೆ ಹೇಳಿಲ್ಲ."

"ಸಂಬಳ ತರ್ತಿದಾರಾ?"

"ಅಕ್ಕಿ ತರ್ತಿದಾರೆ ಅನ್ಸುತ್ತೆ."

"ನಮ್ಮತ್ತೆ ಅಕ್ಕಿ ತಿನ್ನೋದೊಂದೇ ಮಾಡೋದು. ಬೇಕಿದ್ರೆ ಅದಲುಬದಲು ಮಾಡ್ಕೊಳ್ಳೋಣ" ಎಂದಳು ಸೋಪಮ್ಮ. ಆಮೇಲೆ ದನಿ ತಗ್ಗಿಸಿ, "ಬಯ್ಯಬೇಡ. ಆ ವಯಸ್ಸಲ್ಲಿ ದುಡೀತೀನಿ ಅಂತ ಸೊಸೆಗೆ ಹೇಳೋಕೆ ನಾಚಿಕೆ ಆಗುತ್ತೆ" ಎಂದಳು.

ಸೊಸೆ ಬಯ್ಯಬಾರದೆಂದು ನಿಶ್ಚಯಿಸಿಕೊಂಡಳು. ಅತ್ತೆಗೆ ಮೊಣಕಾಲಿನ ಎಣ್ಣೆ ತಂದಳು. ಅವರು ಅದನ್ನು ಹಚ್ಚಿಕೊಳ್ಳುತ್ತ ಯಾಕೆ ಎಂದು ಕೇಳಲಿಲ್ಲ; ಕೇಳದಿದ್ದುದೇ ಉತ್ತರವೆಂದು ಇವಳು ತಿಳಿದಳು. ಒಂದು ವಾರ ಮನೆ ಬಹಳ ಮೃದುವಾಗಿತ್ತು.

ವಾರದ ರಜೆಯ ದಿನ ನಾಲ್ವರೂ ಒಟ್ಟಿಗೆ ಉಣ್ಣಲು ಕುಳಿತರು. ಅನ್ನ, ಬೇಯಿಸಿದ ಮೊಟ್ಟೆ. ಮೊಟ್ಟೆಯೂ ಎಲ್ಲಿಂದಲೋ ಬಂದದ್ದೇ. ಕಡ್ಡಿ ಹಳದಿ ಭಾಗವನ್ನು ಉಳಿಸಿಕೊಂಡು ಬಿಳಿಯನ್ನು ತಿನ್ನುತ್ತಿದ್ದಳು.

"ಅಮ್ಮಾ, ಪಾಪುಗೂ ನನ್ನ ಥರಾನೇ ಕಿವಿ."

"ಯಾವ ಪಾಪು?"

"ಅಜ್ಜಿ ಕರ್ಕೊಂಡು ಹೋಗಿದ್ರಲ್ಲ, ಶಾಲೆಗೆ ರಜಾ ಇದ್ದಾಗ. ಗೋಡೆ ಮೇಲೆ ಅಪ್ಪನ ಫೋಟೋ ಇದೆ. ಅಪ್ಪ ಅದರಲ್ಲಿ ದಪ್ಪ ಆಗಿದಾನೆ."

ಅತ್ತೆ ನೀರಿನ ಲೋಟವನ್ನು ಎತ್ತಿದರು, ಕುಡಿಯದೆ ಇಟ್ಟರು. ದೊಡ್ಡವಳು ಅಜ್ಜಿಯನ್ನೂ ತಟ್ಟೆಯನ್ನೂ ನೋಡಿದಳು. ತಟ್ಟೆಯನ್ನು ದೂರ ತಳ್ಳಿದಳು.

"ಇದು ಅವರ ಮನೆ ಮೊಟ್ಟೆನಾ?"

ಸೊಸೆಯ ಬಾಯಲ್ಲಿ ತುತ್ತಿತ್ತು. ಉಗುಳಬೇಕೋ ನುಂಗಬೇಕೋ ಅವಳಿಗೆ ತಿಳಿಯಲಿಲ್ಲ. ಹಸಿವಾಗಿತ್ತು, ನುಂಗಿದಳು.

"ಎಷ್ಟು ದಿನದಿಂದ ಅತ್ತೆ?"

"ಕೂಸು ಹುಟ್ಟಿದಾಗಿಂದ. ಕಡ್ಡೀನ ಶಾಲೆಗೆ ಬಿಟ್ಟು ಹೋಗ್ತೀನಿ, ಗಂಟೆ ಹೊಡೆಯೋ ಹೊತ್ತಿಗೆ ಬಂದ್ಬಿಡ್ತೀನಿ. ಆ ಹುಡುಗಿಗೆ ಹಿಂದೆ ಮುಂದೆ ಯಾರೂ ಇಲ್ಲ. ಕೂಸಿಗೆ ನೀರು ಹಾಕೋಕೆ ಬರೋಲ್ಲ, ಪಾತ್ರೆ ತೊಳೆಯೋ ಹಾಗೆ ತೊಳೀತಾಳೆ."

"ಅದಕ್ಕೆ ಕೂಲಿ ಅಕ್ಕಿನಾ?"

"ಕೂಲಿ ಅಲ್ಲ, ವಸೂಲಿ" ಎಂದರು ಅತ್ತೆ, ದನಿ ಗಟ್ಟಿಯಾಯಿತು. "ನನ್ನ ಮಗ ಈ ಮನೆಗೆ ಕೊಡಬೇಕಾದ್ದನ್ನ ಅವನ ಅಡುಗೆಮನೆಯಿಂದ ನಾನೇ ತಂದಿದೀನಿ. ಇದರಲ್ಲಿ ತಪ್ಪೇನು? ಸವತಿ ಅನ್ನ ಅಂತ ಯಾಕೆ ಅಂದ್ಕೋತೀಯ, ಗಂಡನ ಅನ್ನ ಅನ್ಕೋ."

"ಅದು ಇನ್ನೂ ಕಷ್ಟ" ಎಂದಳು ಸೊಸೆ.

"ನಂಗಂತೂ ಬೇಡ" ಎಂದು ದೊಡ್ಡವಳು ಎದ್ದಳು. "ಅಜ್ಜಿ, ನೀವು ಪೆಟ್ಟಿಗೆ ಮೇಲೆ ಕೂತಿದ್ದನ್ನ ನಾನು ಕಾಲೇಜಲ್ಲಿ ಎಲ್ಲರಿಗೂ ಹೇಳ್ಕೊಂಡು ತಿರುಗ್ತಿದೀನಿ."

ಕಡ್ಡಿ ಅಕ್ಕನ ತಟ್ಟೆಯ ಮೊಟ್ಟೆಯನ್ನು ತನ್ನ ತಟ್ಟೆಗೆ ಹಾಕಿಕೊಂಡಳು.

ಸೊಸೆ ಅತ್ತೆಯಿಂದ ಮಾತು ತೆಗೆದುಕೊಂಡಳು: ಇನ್ನು ಆ ಕಡೆ ಹೋಗಕೂಡದು. ಅತ್ತೆ ಹೂಂ ಎಂದರು. ಡಬ್ಬದ ಅಕ್ಕಿ ಇಳಿಯತೊಡಗಿತು, ಸೋಪು ಚೂರಾಯಿತು, ಲೋಟ ತಗಡಿಗೆ ತಾಗಿ ಸದ್ದು ಮಾಡಿತು. ಲೆಕ್ಕ ಸರಿಹೋಯಿತು, ಮನೆ ಸರಿಹೋಗಲಿಲ್ಲ. ಅತ್ತೆ ಕುಳಿತಲ್ಲೇ ತೊಡೆ ಅಲುಗಿಸುತ್ತಿದ್ದರು, ಮೇಲೆ ಯಾರೋ ಮಲಗಿದ್ದಾರೆ ಎಂಬಂತೆ. ಚಹಾ ಮಾಡಿ ಸಕ್ಕರೆ ಮರೆಯುತ್ತಿದ್ದರು. ಅವರ ಫೋನು ಬಡಿದುಕೊಂಡರೆ ಮೂವರೂ ಅದರ ಕಡೆ ತಿರುಗುತ್ತಿದ್ದರು; ಅವರು ಮಾತ್ರ ಕೇಳಿಸಲಿಲ್ಲವೆಂಬಂತೆ ಇರುತ್ತಿದ್ದರು.

ಪಾಳಿಯ ಮೂರನೆಯ ತಿಂಗಳು ನಡೆಯುತ್ತಿದ್ದಾಗ, ಒಂದು ಮಧ್ಯಾಹ್ನ ಶಾಲೆಯಿಂದ ಲಾಂಡ್ರಿಗೆ ಕರೆ ಬಂತು. ಕಡ್ಡಿಯನ್ನು ಕರೆದೊಯ್ಯಲು ಯಾರೂ ಬಂದಿಲ್ಲ, ಗೇಟು ಮುಚ್ಚಬೇಕು.

ಗಡಿಯಾರ ಯಂತ್ರಗಳ ನಡುವೆ ನಿಂತಿದ್ದ.

"ಸಾರ್, ಮಗು ಗೇಟಲ್ಲಿ ನಿಂತಿದೆ."

"ಪಾಳಿ ಮುಗಿದಿಲ್ಲವಲ್ಲ ತಾಯಿ."

"ಗೊತ್ತು ಸಾರ್."

ಆತ ಕಿವಿಯ ಹಿಂದಿನ ಪೆನ್ಸಿಲನ್ನು ತೆಗೆದು ಮತ್ತೆ ಅಲ್ಲೇ ಇಟ್ಟುಕೊಂಡ. "ಈ ಸಲ ನಾನು ನೋಡಿಲ್ಲ ಅಂದ್ಕೊಳ್ಳಿ. ಇನ್ನೊಂದು ಸಲ ನೋಡಲೇಬೇಕಾಗುತ್ತೆ. ನಿಮ್ಮ ಹಿಂದೆ ಇಬ್ಬರು ಕಾಯ್ತಿದಾರೆ. ಅವರ ಮನೇಲೂ ಮಕ್ಕಳಿವೆ."

ಅವಳು ಓಡಿದಳು. ಕಡ್ಡಿ ಗೇಟಿನ ಕಂಬಿಗಳ ನಡುವೆ ಮುಖವಿಟ್ಟುಕೊಂಡು, ಅಳದೆ ನಿಂತಿದ್ದಳು. ಇಬ್ಬರೂ ಮನೆ ಮುಟ್ಟಿದ ಮೇಲೆ ಅತ್ತೆ ಏದುಸಿರು ಬಿಡುತ್ತ ಬಂದರು. ಸ್ವೆಟರಿನ ಹೆಗಲು ಒದ್ದೆಯಾಗಿತ್ತು.

"ಕೂಸಿಗೆ ಮೈ ಸುಡ್ತಿತ್ತು ಕಣೆ. ಡಾಕ್ಟರ ಹತ್ರ ಸಾಲು. ಬಿಟ್ಟು ಬರೋಕೆ ಆಗಲಿಲ್ಲ."

"ಇದನ್ನ ಬಿಡೋಕೆ ಆಯ್ತಾ?" ಸೊಸೆ ಕಡ್ಡಿಯ ತಲೆಯ ಮೇಲೆ ಕೈಯಿಟ್ಟಿದ್ದಳು. "ಇನ್ನೊಂದು ಸಲ ಹೀಗಾದ್ರೆ ಜಾಗ ಹೋಯ್ತು. ಜಾಗ ಹೋದ್ರೆ ದೊಡ್ಡವಳು ಓದು ಬಿಟ್ಟು ಎಲ್ಲಾದ್ರೂ ದುಡಿಯೋಕೆ ನಿಲ್ಲಬೇಕು. ಹೇಳಿ ಅತ್ತೆ, ನೀವು ಯಾರ ಮನೆಯವರು?"

ಅತ್ತೆ ತಮ್ಮ ಪೆಟ್ಟಿಗೆಯ ಮೇಲೆ ಕುಳಿತರು. ಈ ಸಲ ಹಟದಿಂದಲ್ಲ, ಕಾಲು ಸೋತಿತ್ತು.

"ಅದೇ ನಂಗೂ ಗೊತ್ತಾಗ್ತಿಲ್ಲ. ಅಲ್ಲಿದ್ರೆ ಇದರ ಚಿಂತೆ, ಇಲ್ಲಿದ್ರೆ ಅದರ ಚಿಂತೆ. ನಿನ್ನ ಹತ್ರ ಕತ್ತರಿ ಇದ್ರೆ ತಾ, ನನ್ನನ್ನ ಮಧ್ಯಕ್ಕೆ ಕತ್ತರಿಸಿ ಎರಡು ಕಡೆಗೂ ಕೊಟ್ಬಿಡು."

ಸೊಸೆಗೆ ಕೋಪ ಬಂದಿತ್ತು. ಆದರೆ ಯಾರ ಮೇಲೆ ಎಂದು ನೋಡಿದರೆ ಎಲ್ಲಿಯೂ ಅದು ನಿಲ್ಲಲಿಲ್ಲ. ಮುದುಕಿಯ ಮೇಲೆ ಇಡಲು ಹೋದಳು, ಜಾರಿತು. ಆ ಇನ್ನೊಬ್ಬಳ ಮೇಲೆ ಇಟ್ಟಳು. ಜ್ವರದ ಕೂಸು ಅಡ್ಡ ಬಂತು. ಗಂಡನ ಮೇಲೆ ಇಡೋಣವೆಂದರೆ ಅವನು ಕಣ್ಣೆದುರಿಗೇ ಇರಲಿಲ್ಲ. ರಾತ್ರಿಯ ಅನ್ನಕ್ಕೆ ಉಪ್ಪು ಹಾಕಿದ್ದೇನೋ ಇಲ್ಲವೋ ಎಂದು ಎರಡು ಸಲ ಹಾಕಿದಳು. ಎಲ್ಲರೂ ನೀರು ಕುಡಿಯುತ್ತ ಉಂಡರು.

ಅದಾದ ಮೂರನೆಯ ಸಂಜೆ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ತೋಳಿನಲ್ಲಿ ಕೂಸು, ಹೆಗಲಿಗೆ ಜೋಳಿಗೆಯಂಥ ಚೀಲ. ವಯಸ್ಸಿನಲ್ಲಿ ಸೊಸೆಗಿಂತ ಅವಳ ದೊಡ್ಡ ಮಗಳಿಗೇ ಹತ್ತಿರ. ಕಡ್ಡಿ "ಪಾಪು" ಎಂದಳು. ಪರಿಚಯ ಅಷ್ಟರಲ್ಲೇ ಮುಗಿಯಿತು.

"ಅಕ್ಕಾ, ಒಳಗೆ ಬರ್ಲಾ?"

ಬಾ ಎನ್ನಲೂ ಬೇಡ ಎನ್ನಲೂ ಸೊಸೆಗೆ ಪುರುಸೊತ್ತಿರಲಿಲ್ಲ. ವಸತಿಗೃಹದವನು ಚಾದರಗಳಿಗೆ ಇನ್ನೇನು ಬರಲಿದ್ದ. ಅರ್ಧ ಗುಡ್ಡೆ ಮಡಿಸದೆ ಬಿದ್ದಿತ್ತು. ಕೊಕ್ಕೆಗೆ ಅಂಚು ಸಿಕ್ಕಿಸುತ್ತ, "ಏನು ಹೇಳಬೇಕೋ ಹೇಳು" ಎಂದಳು.

"ಔಷಧಿ ಅಂಗಡೀಲಿ ಕೆಲಸ ನಂಗೆ. ಹೆರಿಗೆ ರಜೆ ಮುಗೀತು. ನಾಳೆ ಹೋಗದಿದ್ರೆ ಬೇರೆಯವರನ್ನ ಇಟ್ಕೋತಾರೆ."

"ಅವನು?"

"ಬೇರೆ ಊರಲ್ಲಿ ಒಳ್ಳೆ ಕೆಲಸ ಇದೆ ಅಂತ ಹೋದ್ರು. ಹೋಗಿ ಎರಡು ತಿಂಗಳಾಗ್ತಾ ಬಂತು. ಫೋನ್ ತೆಗೀತಿಲ್ಲ."

ಸೊಸೆ ಚಾದರವನ್ನು ಎಳೆದು ನಿಂತಳು. "ಪೆಟ್ಟಿಗೆ ತಗೊಂಡು ಹೋದ್ನಾ?"

"ಹೂಂ."

"ಹಾಗಾದ್ರೆ ಬರೋಲ್ಲ."

ಒಳಗಿನಿಂದ ದೊಡ್ಡವಳು ನಕ್ಕ ಸದ್ದು ಬಂತು; ಅದು ನಗುವೇ ಎಂದು ಹೇಳುವುದು ಕಷ್ಟ. ಅತ್ತೆ ಗೋಡೆ ನೋಡುತ್ತಿದ್ದರು. ಅವರಿಗೆ ಇದು ಮೊದಲೇ ತಿಳಿದಿತ್ತು.

"ಹಾಗಾದ್ರೆ ಅತ್ತೆ ಅಕ್ಕಿ ತಂದಿದ್ದು?" ಎಂದಳು ಸೊಸೆ. "ಅವನೇ ಇಲ್ಲ ಅಂದ್ಮೇಲೆ, ಯಾರಿಂದ ವಸೂಲಿ?"

"ನಾನೇ ಕೊಡ್ತಿದ್ದೆ ಅಕ್ಕಾ. ಅವರು ಬೇಡ ಅಂತಿದ್ರು. ಸುಮ್ಮನೆ ದುಡಿಸ್ಕೊಳ್ಳೋದು ಹೇಗೆ? ನಾನೇ ಚೀಲಕ್ಕೆ ಹಾಕ್ತಿದ್ದೆ."

ಸೊಸೆ ಅತ್ತೆಯ ಕಡೆ ತಿರುಗಿದಳು.

"ಮಗನ ಹೆಸರಲ್ಲಿ ತಂದಿದ್ದು ಅಂದ್ರೆ ನೀನು ತಿಂತೀಯ ಅಂದ್ಕೊಂಡೆ" ಎಂದರು ಅವರು. "ಅದೂ ನಡೀಲಿಲ್ಲ."

"ಕೂಸನ್ನ ಇಲ್ಲಿ ಬಿಟ್ಟು ಹೋಗ್ಲಾ ಅಕ್ಕಾ? ಬೆಳಿಗ್ಗೆಯಿಂದ ಸಂಜೆವರೆಗೆ. ಸಂಬಳದಲ್ಲಿ ಕೊಡೋದನ್ನ ಕೊಡ್ತೀನಿ. ಅತ್ತೆ ಅಲ್ಲಿಗೆ ಬರೋದು ಬೇಡ. ನಿಮ್ಮ ಮಗಳನ್ನ ಕರ್ಕೊಂಡು ಬರೋಕೆ ತಡ ಆಗೋದೂ ಇಲ್ಲ."

ದೊಡ್ಡವಳು ಹೊಸ್ತಿಲಿಗೆ ಬಂದಳು. "ಅಮ್ಮಾ, ಒಪ್ಪಿದ್ರೆ ನಾಳೆ ಇನ್ನೆಷ್ಟು ಜನ ಬರ್ತಾರೋ. ಅಪ್ಪ ಇನ್ನೂ ಚಿಕ್ಕವನೇ."

ಅವಸರದಲ್ಲಿ ಸೊಸೆ ಹೆಚ್ಚಾಗಿಯೇ ಎಳೆದಳು. ಚಾದರ ಕೊಕ್ಕೆಯಿಂದ ಕಳಚಿ ನೆಲಕ್ಕೆ ಬೀಳುವುದರಲ್ಲಿತ್ತು. ಬಂದವಳು ಕೂಸನ್ನು ಅತ್ತೆಯ ತೊಡೆಗೆ ಹಾಕಿ, ಬೀಳುತ್ತಿದ್ದ ಅಂಚನ್ನು ಹಿಡಿದುಕೊಂಡಳು. ಹಿಡಿದದ್ದನ್ನು ಬಿಡುವುದೋ ಬೇಡವೋ ಎಂದು ತಿಳಿಯದೆ ಹಾಗೆಯೇ ನಿಂತಳು.

ಚಾದರದ ಆ ತುದಿಯಲ್ಲಿ ಒಬ್ಬರು ನಿಂತು ವರ್ಷಗಳಾಗಿದ್ದವು. ಸೊಸೆ ಒಂದು ಗಳಿಗೆ ತನ್ನ ಅಂಚಿನ ಮೂಲೆಗಳನ್ನೇ ಹುಡುಕಿದಳು. ಆಮೇಲೆ ಮಡಿಸಿದಳು. ಆಕೆಯೂ ಮಡಿಸಿದಳು, ತಿರುಗಮುರುಗ. ಬಟ್ಟೆ ಮಧ್ಯದಲ್ಲಿ ಹುರಿಯಾಯಿತು.

"ಎಡಗೈ ಕೆಳಗೆ" ಎಂದಳು ಸೊಸೆ.

"ಹೀಗಾ?"

"ನಿನ್ನ ಎಡಗೈ. ನಂದಲ್ಲ."

ಹುರಿ ಬಿಚ್ಚಿಕೊಂಡಿತು. ಮಡಿಸಲು ಇಬ್ಬರೂ ಎದುರೆದುರಾಗಿ ನಡೆದು ಬರಬೇಕು, ಬಂದರು. ಕೈಗೆ ಕೈ ತಾಗುವಷ್ಟು ಹತ್ತಿರವಾದಾಗ ಆಕೆಯ ಮೈಯಿಂದ ಹುಳಿ ಹಾಲಿನ ವಾಸನೆ ಬಂತು. ಸೊಸೆ ಮೂಲೆಗಳನ್ನು ಇಸಿದುಕೊಂಡು, ಮಡಿಕೆಯನ್ನು ಗುಡ್ಡೆಯ ಮೇಲಿಟ್ಟು, ಮುಂದಿನದನ್ನು ಎತ್ತಿಕೊಂಡಳು. ವಸತಿಗೃಹದವನು ಬರುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಕೊಕ್ಕೆಯನ್ನು ಮತ್ತೆ ಬಳಸಲಿಲ್ಲ.

"ನಾಳೆ ಎಷ್ಟು ಹೊತ್ತಿಗೆ ತರ್ಲಿ ಅಕ್ಕಾ?"

"ನಾನಿನ್ನೂ ಹೂಂ ಅಂದಿಲ್ಲ."

"ಸರಿ ಅಕ್ಕಾ."

"ಬರೋದಾದ್ರೆ ನಾನು ಹೊರಡೋ ಮುಂಚೆ ಬಾ. ತಡ ಆದ್ರೆ ನಂಗೆ ಕಾಯೋಕೆ ಆಗೋಲ್ಲ."

ಆಕೆ ಹೋದ ಮೇಲೆ ಕಡ್ಡಿ ಬೆರಳು ಮಡಿಸುತ್ತ ಕುಳಿತಿದ್ದಳು. "ಪಾಪು ನಂಗೆ ತಮ್ಮ ಅಂತೆ, ಅಜ್ಜಿ ಹೇಳಿದ್ರು. ಸರಿ. ಪಾಪು ಅಮ್ಮ ನಮಗೆ ಏನಾಗ್ಬೇಕು?"

ಅತ್ತೆ ಸೊಸೆಯನ್ನು ನೋಡಿದರು. ಸೊಸೆ ದೊಡ್ಡವಳನ್ನು ನೋಡಿದಳು. ದೊಡ್ಡವಳು ಪುಸ್ತಕ ನೋಡಿದಳು.

"ಮೊದಲು ಕೈ ತೊಳ್ಕೊ" ಎಂದಳು ಸೊಸೆ.

ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟುವಾಗ ಹೊರಗೆ ಇನ್ನೂ ಕತ್ತಲಿತ್ತು. ಕಡ್ಡಿಯ ಪ್ರಶ್ನೆಗೆ ಉತ್ತರ ಅವಳಿಗೆ ಸಿಕ್ಕಿರಲಿಲ್ಲ. ದುಡ್ಡು ತೆಗೆದುಕೊಳ್ಳಬೇಕೋ ಬೇಡವೋ ಎಂಬುದೂ ತೀರ್ಮಾನವಾಗಿರಲಿಲ್ಲ; ದೊಡ್ಡವಳು ಮುಸುಕೆಳೆದು ಮಲಗಿದ್ದಳು, ನಿದ್ದೆಯಲ್ಲಿ ಅಲ್ಲ. ಬಾಗಿಲು ಮೆಲ್ಲಗೆ ಬಡಿದ ಸದ್ದಾಯಿತು.

ತೆಗೆದಳು. ತಣ್ಣನೆಯ ಗಾಳಿ ಒಳಗೆ ನುಗ್ಗಿತು. ಕೂಸು ಬಟ್ಟೆಯಲ್ಲಿ ಸುತ್ತಿಕೊಂಡು ನಿದ್ರಿಸುತ್ತಿತ್ತು. ಟೋಪಿ ಮೇಲೆ ಸರಿದು, ಎರಡು ಅಗಲ ಕಿವಿಗಳು ಹೊರಗೆ ನಿಂತಿದ್ದವು. ಅವಳು ಆ ಕಿವಿಗಳನ್ನು ನೋಡಿದಳು, ಹೊತ್ತಾಗುತ್ತಿತ್ತು, ಕೈ ಚಾಚಿ ಕೂಸನ್ನು ತೆಗೆದುಕೊಂಡಳು.

"ಕಿವಿ ಮುಚ್ಚೋ ಹಾಗೆ ಕಟ್ಟಬಾರದಾ?" ಎಂದಳು. "ಗಾಳಿ ಇದೆ."